ಕೊನೆಯ ಪುಟದಲ್ಲಿ ಕೂತ ಹುಡುಗಿ

ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ನನ್ನ ಹೆಸರಿಗಿಂತ ಹೆಚ್ಚಾಗಿ ನಾನು ಕೇಳಿದ ಮಾತು ‘ಅಲ್ಲಾಡಬೇಡ’ ಎಂಬುದು. ಹಾಗೆ ಹೇಳುತ್ತಿದ್ದವಳು ಅಮ್ಮ. ಅವಳು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದಳು. ಬಗ್ಗಿದ ಮಗುವಿನ ಬೆನ್ನು ಹೇಗೆ ಕಾಣುತ್ತದೆ, ಓಡುವಾಗ ಲಂಗ ಯಾವ ಕಡೆ ಹಾರುತ್ತದೆ ಎಂದು ನೋಡಿಕೊಳ್ಳಲು ಅವಳಿಗೆ ಒಂದು ಮಗು ಬೇಕಿತ್ತು, ಮನೆಯಲ್ಲಿದ್ದ ಮಗು ನಾನೊಬ್ಬಳೇ. ಓಡುವ ಹುಡುಗಿಯ ಚಿತ್ರಕ್ಕಾಗಿ ನಾನು ಒಂದು ಕಾಲೆತ್ತಿ, ಕಿಟಕಿಯ ಸರಳು ಹಿಡಿದು, ನಿಂತಲ್ಲೇ ನಿಂತಿರಬೇಕಿತ್ತು. ಎರಡು ನಿಮಿಷಕ್ಕೆಲ್ಲ ಕಾಲೊಳಗೆ ಇರುವೆ ಹರಿದಂತಾಗುತ್ತಿತ್ತು. ಕೆಳಗೆ ಬೀದಿಯಲ್ಲಿ ಯಾರೋ ಕೂಗಿದರೆ ಕತ್ತು ತಾನಾಗಿ ಅತ್ತ ತಿರುಗುತ್ತಿತ್ತು. ಅಮ್ಮ ಪೆನ್ಸಿಲ್ ಕೆಳಗಿಟ್ಟು ನಿಟ್ಟುಸಿರು ಬಿಡುತ್ತಿದ್ದಳು. ಅದು ನನಗೆ ಬೈಗುಳಕ್ಕಿಂತ ಜಾಸ್ತಿ ಕೋಪ ತರಿಸುತ್ತಿತ್ತು.

ನಾವಿದ್ದದ್ದು ಮದ್ರಾಸಿನ ಮಾಧವರಂನಲ್ಲಿ, ಹಾಲಿನ ಡೈರಿಗೆ ಎರಡು ಬೀದಿ ಆಚೆ, ಒಂದು ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ. ಅಪ್ಪ ರೈಲ್ವೆಯಲ್ಲಿ ಗುಮಾಸ್ತ. ಮುಂದಿನ ಕೋಣೆಯಲ್ಲಿ ಅಜ್ಜಿಯ ಮಂಚ, ಟಿವಿ, ಮತ್ತು ಅಪ್ಪ ಎಲ್ಲಿಂದಲೋ ಹಳೆಯದಾಗಿ ತಂದಿದ್ದ ಒಂದು ಮರದ ಮೇಜು. ಆ ಮೇಜು ಅಮ್ಮನದಾಗಿತ್ತು. ಊಟಕ್ಕೆ ನಾವು ನೆಲದ ಮೇಲೆ ಕೂರುತ್ತಿದ್ದೆವು, ಮುದ್ದೆಯ ತಟ್ಟೆಗಳ ಪಕ್ಕದಲ್ಲೇ ಮೇಜಿನ ಕಾಲುಗಳು, ಅದರ ಕೆಳಗೆ ರಟ್ಟಿನ ಹಾಳೆಗಳ ಕಟ್ಟು. ಅಮ್ಮ ಕುಂಚ ತೊಳೆಯುತ್ತಿದ್ದ ಲೋಟವೂ ನಾವು ನೀರು ಕುಡಿಯುತ್ತಿದ್ದ ಲೋಟಗಳೂ ಒಂದೇ ಜೊತೆಯವು. ಒಂದು ದಿನ ಅಪ್ಪ ಕೆಲಸದಿಂದ ಬಂದವನೇ ಒಂದು ಲೋಟ ನೀಲಿ ನೀರು ಗಟಗಟ ಕುಡಿದುಬಿಟ್ಟ. ಏನೂ ಆಗಲಿಲ್ಲ, ಆದರೆ ಅಜ್ಜಿ ಆ ಮಾತನ್ನು ವರ್ಷಗಟ್ಟಲೆ ಬಿಡಲಿಲ್ಲ.

“ನನ್ ಮಗನ್ಗೆ ಬಣ್ಣದ್ ನೀರ್ ಕುಡಿಸ್ದೋಳು ನೀನು. ಒಂದ್ ತಟ್ಟೆ ಮಡಗಕ್ಕೆ ಜಾಗ ಇಲ್ಲ ಈ ಮನೇಲಿ.”

“ಆ ಲೋಟಕ್ಕೆ ದಾರ ಕಟ್ಟಿದೀನಿ ಅತ್ತೆ, ಇನ್ಮೇಲೆ ಗೊತ್ತಾಗತ್ತೆ,” ಎಂದು ಅಮ್ಮ ತಲೆ ಎತ್ತದೆ ಹೇಳುತ್ತಿದ್ದಳು.

ಅಜ್ಜಿ ಅಪ್ಪನ ತಾಯಿ, ಮಂಡ್ಯದ ಕಡೆಯವಳು. ಮದ್ರಾಸಿಗೆ ಬಂದು ಹತ್ತಾರು ವರ್ಷವಾದರೂ ಅವಳು ತಮಿಳು ಕಲಿಯಲಿಲ್ಲ. ಕನ್ನಡದ ಬಾಲಕ್ಕೆ ಒಂದು ‘ಂಗೊ’ ಸೇರಿಸಿ “ಬೇಗ ಕೊಡುಂಗೊ” ಎಂದು ಹಾಲಿನ ಬೂತಿನವನನ್ನು ಗದರಿಸಿ ಕೆಲಸ ಸಾಗಿಸುತ್ತಿದ್ದಳು. ಅಮ್ಮ ಮೈಸೂರಿನಲ್ಲಿ ಡ್ರಾಯಿಂಗ್ ಕಲಿತವಳು. ಅವಳು ತಮಿಳು ಮಾತಾಡುತ್ತಿದ್ದಳು, ಓದುವುದು ಮಾತ್ರ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು. ನನಗೆ ತಮಿಳೇ ಶಾಲೆಯ ಭಾಷೆ, ಓದು ಸಲೀಸು. ಮನೆಯಲ್ಲಿ ಎಲ್ಲರೂ ಕನ್ನಡದಲ್ಲಿ ಕೇಳುತ್ತಿದ್ದರು, ನಾನು ತಮಿಳಿನಲ್ಲಿ ಉತ್ತರಿಸುತ್ತಿದ್ದೆ. ಹಾಗಾಗಿ ಪ್ರಕಾಶಕರು ಕಳಿಸಿದ ಕಥೆಗಳನ್ನು ಅಮ್ಮನಿಗೆ ಓದಿ ಹೇಳುವ ಕೆಲಸ ನನ್ನದಾಯಿತು. ಪ್ರಕಾಶಕರೆಂದರೆ ಒಬ್ಬರೇ. ಮೈಲಾಪೂರಿನ ಒಂದು ಪಾತ್ರೆ ಅಂಗಡಿಯ ಮೇಲೆ ಸಣ್ಣ ಕಚೇರಿ ಇಟ್ಟುಕೊಂಡಿದ್ದ ವಯಸ್ಸಾದ ಸಜ್ಜನರು. ಕಥೆಯನ್ನು ಅವರೇ ಬರೆಯುತ್ತಿದ್ದರು, ಅಮ್ಮ ಚಿತ್ರ ಮಾತ್ರ ಬರೆಯಬೇಕು. ಅಮ್ಮ ಅವರನ್ನು ‘ಸಾರ್’ ಎನ್ನುತ್ತಿದ್ದಳು, ಆದ್ದರಿಂದ ಮನೆಯಲ್ಲಿ ಅವರು ‘ಮೈಲಾಪೂರ್ ಸಾರ್’ ಆದರು. ತಿಂಗಳಿಗೊಮ್ಮೆ ಅಮ್ಮ ಚಿತ್ರಗಳನ್ನು ಎರಡು ರಟ್ಟಿನ ನಡುವೆ ಇಟ್ಟು, ಮೇಲೆ ಅಪ್ಪನ ರೇನ್‌ಕೋಟು ಸುತ್ತಿ, ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗುತ್ತಿದ್ದಳು. ಅವಳು ಬಾಗಿಲು ದಾಟಿದ ಕೂಡಲೇ ನನಗೆ ಹಬ್ಬ. ಮಂಚದಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಮತ್ತೆ ಮಂಚಕ್ಕೆ. ಅಜ್ಜಿ ಸೌಟು ಹಿಡಿದು ಹಿಂದೆ ಬರುತ್ತಿದ್ದಳು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮ ಇದನ್ನೆಲ್ಲ ಮೈಲಾಪೂರ್ ಸಾರ್‌ಗೆ ಹೇಳಿರಬೇಕು. ಯಾಕೆಂದರೆ ಅವರು ಮುಂದಿನ ಸಲ ಕಳಿಸಿದ ಕಥೆ ನಿಲ್ಲದೆ ಓಡುವ ಒಬ್ಬ ಹುಡುಗಿಯದು. ಅವಳ ಹೆಸರು ಚಿಟ್ಟು, ಅಂದರೆ ಗುಬ್ಬಿ. ಪುಸ್ತಕದ ಹೆಸರು ‘ಓಡಾದೆ ಚಿಟ್ಟು’, ಓಡಬೇಡ ಚಿಟ್ಟು ಎಂದು. ಚಿಟ್ಟು ಅಡುಗೆಮನೆಯಲ್ಲಿ ಓಡುತ್ತಾಳೆ, ಬೀದಿಯಲ್ಲಿ ಓಡುತ್ತಾಳೆ, ಸಂತೆಯಲ್ಲಿ ಬುಟ್ಟಿಗಳನ್ನು ಉರುಳಿಸಿ ಓಡುತ್ತಾಳೆ, ಅಜ್ಜಿ ಸೌಟು ಹಿಡಿದು ಹಿಂದೆ ಓಡುತ್ತಾಳೆ. ನಾನು ಮೇಜಿನ ಕೆಳಗೆ ಮಲಗಿ ಗೋಡೆಗೆ ಕಾಲು ಬಡಿಯುತ್ತ ಅದನ್ನು ಓದಿ ಹೇಳಿದೆ. ಕೊನೆಯ ಪುಟಕ್ಕೆ ಬಂದಾಗ ನನ್ನ ಕಾಲು ನಿಂತಿತು. ಅಲ್ಲಿ ಚಿಟ್ಟು ಎಡವಿ ಬಿದ್ದು, ಬುದ್ಧಿ ಬಂದು, ಅಂದಿನಿಂದ ಅಜ್ಜಿಯ ಪಕ್ಕದಲ್ಲಿ ಕೈಕಟ್ಟಿ ಕೂತು ಒಳ್ಳೆಯ ಹುಡುಗಿಯಾಗುತ್ತಾಳೆ ಎಂದಿತ್ತು.

“ಇದಕ್ಕೆ ನಾನ್ ಕೂರಲ್ಲ,” ಎಂದು ತಮಿಳಿನಲ್ಲೇ ಹೇಳಿದೆ.

“ಹತ್ತೇ ನಿಮಿಷ ಕಣೆ. ಬರೀ ಕೂರೋದು ತಾನೆ? ಕಾಲ್ ಎತ್ಕೊಂಡ್ ನಿಲ್ಲೋದಕ್ಕಿಂತ ಸುಲಭ.”

“ಕೂರಲ್ಲ.”

ಉಳಿದ ಪುಟಗಳಿಗೆಲ್ಲ ನಾನು ನಿಂತೆ. ಅಜ್ಜಿಯ ಸೌಟು, ನನ್ನ ಸಡಿಲ ಜಡೆ, ಕೆಳಗಿನ ಬೀದಿಯ ಇಸ್ತ್ರಿ ಗಾಡಿ ಎಲ್ಲವೂ ಆ ಪುಟಗಳಲ್ಲಿ ಬಂದವು. ಕೊನೆಯ ಪುಟಕ್ಕೆ ಮಾತ್ರ ನಾನು ಜಗ್ಗಲಿಲ್ಲ. ಅಮ್ಮ ಬೇಡಿದಳು, ಬೈದಳು, ಒಂದು ಸಲ ನನ್ನ ಜಡೆಯ ರಿಬ್ಬನ್ನನ್ನು ಕಿಟಕಿಯ ಸರಳಿಗೆ ಕಟ್ಟಿ ಕೂರಿಸಿಯೂ ನೋಡಿದಳು. ನಾನು ರಿಬ್ಬನ್ ಅಲ್ಲೇ ಬಿಟ್ಟು ಎದ್ದುಹೋದೆ. ಆಮೇಲೆ ನನಗೆ ಜ್ವರ ಬಂತು. ಮೂರು ದಿನ ತಲೆ ಎತ್ತಲಾಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಅಜ್ಜಿ ನನ್ನನ್ನು ಎಬ್ಬಿಸಿ ಎದೆಗೆ ಒರಗಿಸಿಕೊಂಡು ಗಂಜಿ ಕುಡಿಸಿದಳು, ಹಣೆಗೆ ಒದ್ದೆ ಬಟ್ಟೆ ಇಟ್ಟಳು. ನಾನು ಹಾಗೆಯೇ ಅವಳಿಗೆ ಒರಗಿ ಕೂತಿದ್ದೆ. ಎದುರಿಗೆ ಸ್ಟೂಲಿನ ಮೇಲೆ ಅಮ್ಮ ಕೂತಿದ್ದಾಳೆ ಎಂದು ಗೊತ್ತಿತ್ತು. ನನಗೆ ಹುಷಾರಿಲ್ಲವೆಂದು ಕೆಲಸ ಬಿಟ್ಟು ಪಕ್ಕದಲ್ಲಿದ್ದಾಳೆ ಎಂದು ಒಳಗೊಳಗೇ ಹಿಗ್ಗಿದೆ. ನಿದ್ದೆಗೂ ಎಚ್ಚರಕ್ಕೂ ನಡುವೆ ಕಾಗದದ ಮೇಲೆ ಪೆನ್ಸಿಲ್ ಗೀರುವ ಸದ್ದು ಕೇಳಿಸುತ್ತಿತ್ತು. ಅದರ ಅರ್ಥ ಆಗ ಹೊಳೆಯಲಿಲ್ಲ.

ಹೊಳೆದದ್ದು ಪುಸ್ತಕ ಅಚ್ಚಾಗಿ ಬಂದ ದಿನ. ತನ್ನ ಪಾಲಿಗೆ ಬಂದ ಹತ್ತು ಪ್ರತಿಗಳನ್ನು ಪೇಪರಿನಲ್ಲಿ ಸುತ್ತಿ ಅಮ್ಮ ಮನೆಗೆ ತಂದಳು. ಮುಖಪುಟದಲ್ಲಿ ಅವಳ ಹೆಸರು ಮೊದಲ ಸಲ ಬಂದಿತ್ತು, ಸಣ್ಣ ಅಕ್ಷರದಲ್ಲಿ, ಮೈಲಾಪೂರ್ ಸಾರ್ ಹೆಸರಿನ ಕೆಳಗೆ. ಅಪ್ಪ ಸಿಹಿ ತಂದ. ನಾನು ಕೊನೆಯ ಪುಟ ತೆಗೆದೆ. ಕಣ್ಣು ಅರೆಮುಚ್ಚಿ, ತಲೆ ವಾಲಿಸಿ, ಅಜ್ಜಿಗೆ ಒರಗಿ ಕೂತಿದ್ದಳು ಚಿಟ್ಟು. ಕೈ ಕಟ್ಟಿದ್ದನ್ನು ಅಮ್ಮ ಆಮೇಲೆ ಸೇರಿಸಿದ್ದಳು. ಉಳಿದದ್ದೆಲ್ಲ ನನ್ನ ಜ್ವರ.

ಆಗಲೇ ಅದನ್ನು ಹೇಳಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೋ ಏನೋ. ಅಪ್ಪ ಹೆಮ್ಮೆಯಿಂದ ಇನ್ನೊಂದು ಪ್ರತಿಯನ್ನು ಅಂಗಡಿಯಿಂದ ತಂದು ನನ್ನ ಶಾಲೆಗೆ ಕೊಟ್ಟುಬಂದ. ಕ್ಲಾಸ್ ಟೀಚರ್‌ಗೆ ಅದು ವರವಾಯಿತು. ಪುಸ್ತಕವನ್ನು ಮೇಜಿನ ಮೇಲೆ ಕೊನೆಯ ಪುಟ ತೆರೆದು ನಿಲ್ಲಿಸಿ, ನಾನು ಬೆಂಚಿನಿಂದ ಎದ್ದಾಗಲೆಲ್ಲ ಅದರತ್ತ ಬೆರಳು ತೋರಿಸುತ್ತಿದ್ದರು.

“ನಿಮ್ಮಮ್ಮಾನೇ ಬರೆದಿದ್ದಾರೆ, ನೋಡು. ಚಿಟ್ಟು ಮಾದಿರಿ ಉಕ್ಕಾರು!”

ಚಿಟ್ಟುವಿನ ಹಾಗೆ ಕೂತುಕೋ. ವಾರದೊಳಗೆ ಇಡೀ ಕ್ಲಾಸು ಅದನ್ನು ಕಲಿತಿತು. ನೀರು ಕುಡಿಯಲು ಹೋದರೆ ‘ಚಿಟ್ಟು, ಉಕ್ಕಾರು’, ಆಟದ ಬಯಲಲ್ಲಿ ‘ಚಿಟ್ಟು, ಉಕ್ಕಾರು’. ಸವಿತಾ ಎಂಬ ನನ್ನ ಹೆಸರನ್ನು ಎಲ್ಲರೂ ಮರೆತರು. ಒಂದು ಭಾನುವಾರ ಅಪ್ಪ ತರಕಾರಿಗೆ ಹೋಗಿದ್ದಾಗ, ಅಮ್ಮ ಬಟ್ಟೆ ಒಣಗಿಸಲು ಟೆರೇಸಿಗೆ ಹೋಗಿದ್ದಾಗ, ನಾನು ಬ್ಲೇಡು ಮತ್ತು ಸ್ಟೀಲ್ ಸ್ಕೇಲ್ ತೆಗೆದುಕೊಂಡೆ. ಅಮ್ಮ ರಟ್ಟು ಕತ್ತರಿಸುವುದನ್ನು ನೂರು ಸಲ ನೋಡಿದ್ದೆ. ಹಾಳೆಗಳು ಸೇರುವ ಬೆನ್ನುಪಟ್ಟಿಗೆ ಒತ್ತಿ ಸ್ಕೇಲಿಟ್ಟು ಒಂದೇ ಎಳೆತ. ಹತ್ತು ಪುಸ್ತಕ, ಹತ್ತು ಪುಟ. ಅಷ್ಟು ಹೊತ್ತು ನಾನು ಕೂತಲ್ಲಿಂದ ಏಳಲೇ ಇಲ್ಲವೆಂಬುದು ಈಗ ನೆನಪಾಗಿ ನಗು ಬರುತ್ತದೆ. ಪುಟಗಳನ್ನು ಬೀರುವಿನ ಹಿಂದಕ್ಕೆ ತಳ್ಳಿದೆ.

ಕೆಲವು ವಾರಗಳ ನಂತರ ಮೈಲಾಪೂರ್ ಸಾರ್ ಅಮ್ಮನನ್ನು ಒಂದು ಶಾಲೆಗೆ ಕರೆದರು. ಮಕ್ಕಳ ಮುಂದೆ ಪುಸ್ತಕ ಹಿಡಿದು ಚಿತ್ರ ತೋರಿಸುತ್ತ ಕಥೆ ಓದಬೇಕು. ಅಮ್ಮ ವಾರವಿಡೀ ಒಗ್ಗರಣೆ ಹಾಕುವಾಗಲೂ ಆ ತಮಿಳನ್ನು ಬಾಯಲ್ಲೇ ಉರು ಹಾಕಿದಳು. ಕಥೆ ಬಾಯಿಪಾಠವಾಗಿದ್ದರಿಂದ ಪುಸ್ತಕ ತೆರೆಯುವ ಪ್ರಮೇಯವೇ ಬರಲಿಲ್ಲ. ಶನಿವಾರ ಮಾವಿನಕಾಯಿ ಬಣ್ಣದ ಸೀರೆ ಉಟ್ಟು, ಒಂದು ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಹೊರಟಳು. ಬಸ್ಸಿನಲ್ಲಿ ಪ್ರತಿ ಸ್ಟಾಪಿನಲ್ಲೂ ಹೇಳಿಬಿಡಬೇಕೆಂದುಕೊಂಡೆ. ಅಮ್ಮ ನನ್ನ ಕೈ ಹಿಡಿದು, ಕಿಟಕಿಯಾಚೆ ನೋಡುತ್ತ, ತುಟಿ ಅಲ್ಲಾಡಿಸುತ್ತ ಕಥೆ ಹೇಳಿಕೊಳ್ಳುತ್ತಿದ್ದಳು.

ಸಭಾಂಗಣದಲ್ಲಿ ನೆಲದ ಮೇಲೆ ಐವತ್ತು ಅರವತ್ತು ಮಕ್ಕಳು. ಮುಂದಿನ ಕುರ್ಚಿಯಲ್ಲಿ ಮೈಲಾಪೂರ್ ಸಾರ್, ಪಕ್ಕದಲ್ಲಿ ಶಾಲೆಯವರು. ನಾನು ಬಾಗಿಲ ಬಳಿ ಮಕ್ಕಳ ನಡುವೆ ಕೂತೆ. ಅಮ್ಮನ ತಮಿಳು ಮೊದಲೆರಡು ಪುಟ ತಡವರಿಸಿತು, ಆಮೇಲೆ ಓಡತೊಡಗಿತು. ಸಂತೆಯ ಪುಟದಲ್ಲಿ ಮಕ್ಕಳು ಕಿರುಚಿ ನಕ್ಕರು. ಸೌಟು ಹಿಡಿದ ಅಜ್ಜಿಯ ಪುಟದಲ್ಲಿ ಕೆಲವರು ಎದ್ದೇ ನಿಂತರು. ಅಮ್ಮನ ಮುಖ ನಾನು ಹಿಂದೆಂದೂ ನೋಡಿರದಷ್ಟು ಬೆಳಗುತ್ತಿತ್ತು. ಅವಳು ಪುಟ ತಿರುಗಿಸಿದಳು. ಅಲ್ಲಿ ಹಿಂಬದಿಯ ರಟ್ಟು.

ಅವಳು ಎರಡು ಹಾಳೆ ಅಂಟಿಕೊಂಡಿವೆಯೇನೋ ಎಂದು ಉಗುರಿನಿಂದ ಬಿಡಿಸಿ ನೋಡಿದಳು. ಬೆರಳು ಬೆನ್ನುಪಟ್ಟಿಯ ಮೇಲೆ ಹರಿದು ಕತ್ತರಿಸಿದ ಅಂಚಿನ ಮೇಲೆ ನಿಂತಿತು. ಆಮೇಲೆ ತಲೆ ಎತ್ತಿ ಅಷ್ಟೂ ಮಕ್ಕಳ ನಡುವೆ ನನ್ನನ್ನು ಹುಡುಕಿದಳು.

“ಅಪ್ಪುರಂ?” ಎಂದು ಯಾರೋ ಕೂಗಿದರು. ಆಮೇಲೆ? ಇನ್ನಷ್ಟು ಜನ ಸೇರಿದರು. “ಅಪ್ಪುರಂ? ಅಪ್ಪುರಂ ಎನ್ನಾಚು?”

ಆಮೇಲೆ ಏನಾಯಿತೆಂಬುದು ಅಮ್ಮನಿಗೆ ಬಾಯಿಪಾಠ ಬರುತ್ತಿತ್ತು. ಅದನ್ನು ಹೇಳಿಬಿಡಬಹುದಿತ್ತು. ಆದರೆ ಗಾಬರಿಗೆ ಕಲಿತ ತಮಿಳೆಲ್ಲ ಹಾರಿಹೋಯಿತಂತೆ. ಆಮೇಲೆ ಎಷ್ಟೋ ವರ್ಷ, ತನ್ನ ಪುಸ್ತಕಗಳು ಹೇಗೆ ಹುಟ್ಟಿದವೆಂದು ಯಾರಾದರೂ ಕೇಳಿದರೆ, ಅವಳು ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಳು: ಅದು ಯೋಚಿಸಿ ಮಾಡಿದ್ದಲ್ಲ, ಬಾಯಿ ಕಟ್ಟಿಹೋಗಿತ್ತು.

“ತೆರಿಯಲೆ,” ಎಂದಳು. ಗೊತ್ತಿಲ್ಲ. “ನೀವೇ ಹೇಳಿ.”

ಸಭಾಂಗಣವೆಲ್ಲ ಗದ್ದಲವಾಯಿತು. ಚಿಟ್ಟು ಬಸ್ಸು ಹತ್ತಿ ಬೀಚಿಗೆ ಹೋದಳು ಎಂದೊಬ್ಬ, ರೈಲು ಹತ್ತಿದಳು ಎಂದು ಇನ್ನೊಬ್ಬ, ಸಂತೆಯವರೆಲ್ಲ ಸೇರಿ ಹಿಡಿದು ಬಡಿದರು ಎಂದು ಮತ್ತೊಬ್ಬ. ಎರಡು ಜುಟ್ಟಿನ ಒಂದು ಪುಟ್ಟ ಹುಡುಗಿ ಅಮ್ಮನ ಕಾಲ ಬಳಿಗೇ ಬಂದು ಸೀರೆ ಜಗ್ಗಿ ಹೇಳಿದಳು.

“ಪಾಟ್ಟಿಯುಂ ಓಡಿಟ್ಟಾಂಗ. ಪಾಟ್ಟಿ ದಾನ್ ಫಸ್ಟು.”

ಅಜ್ಜಿಯೂ ಓಡಿಹೋದಳು, ಅಜ್ಜಿಯೇ ಮೊದಲು. ಅಮ್ಮ ಆ ಹುಡುಗಿಯ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತು “ಎಲ್ಲಿಗೆ?” ಎಂದು ಕೇಳುವಷ್ಟರಲ್ಲಿ ಮೈಲಾಪೂರ್ ಸಾರ್ ಎದ್ದು ನಿಂತರು. ಚಿಟ್ಟು ಬಿದ್ದಳು, ಬುದ್ಧಿ ಬಂತು, ಕೈಕಟ್ಟಿ ಕೂತಳು ಎಂದು ಶಾಂತವಾಗಿ ಹೇಳಿ ಮುಗಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಹೊರಗೆ ಮೊಗಸಾಲೆಯಲ್ಲಿ ಅವರು ಅಮ್ಮನಿಗೆ ದನಿ ಏರಿಸದೆ ಏನೋ ಹೇಳಿದರು. ಅಮ್ಮ ತಲೆ ತಗ್ಗಿಸಿ ನಿಂತಿದ್ದಳು. ಆಮೇಲೆ ಅವರಿಂದ ಕೆಲಸ ಬರಲಿಲ್ಲ. ಕಂಪ್ಯೂಟರಿನಲ್ಲೇ ಬಣ್ಣ ತುಂಬುವ ಒಬ್ಬ ಹುಡುಗ ಸಿಕ್ಕಿದ್ದಾನೆಂದು ಮಾತ್ರ ತಿಳಿಯಿತು. ಅದಕ್ಕೆ ಆ ಪುಟವೇ ಕಾರಣವೋ, ಅಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಆಗ ಮಾತ್ರ ನಾನೇ ಎಂದು ಖಚಿತವಾಗಿ ಗೊತ್ತಿತ್ತು.

ಬಸ್ ಸ್ಟಾಪಿನಲ್ಲಿ ಅಮ್ಮ ನನ್ನ ಕೆನ್ನೆಗೆ ಹೊಡೆದಳು. ಅದಕ್ಕೆ ಮೊದಲೂ ಆಮೇಲೂ ಅವಳು ನನ್ನನ್ನು ಹೊಡೆದದ್ದಿಲ್ಲ. ಮನೆಗೆ ಬಂದು ನಾನು ಜಾಗ ತೋರಿಸಿದೆ, ಅಪ್ಪ ಬೀರು ಸರಿಸಿ ಪುಟಗಳನ್ನು ತೆಗೆದ.

“ಇಷ್ಟೆಲ್ಲಾ ಯಾಕೆ ಬೇಕು ಹೇಳು? ಯಾವ್ದಾದ್ರೂ ಸ್ಕೂಲಲ್ಲಿ ಡ್ರಾಯಿಂಗ್ ಟೀಚರ್ ಆಗು, ನೆಮ್ಮದಿ,” ಎಂದ.

“ನೆಮ್ಮದಿ ಬೇಕು ಅಂತ ಯಾರ್ ಹೇಳಿದ್ರು ನಿಮ್ಗೆ?” ಎಂದಳು ಅಮ್ಮ.

“ಆ ಮಗೀಗೆ ಬ್ಲೇಡ್ ಸಿಗಂಗೆ ಮಡಗ್ದೋರ್ ಯಾರು? ಮೊದ್ಲು ಅದ್ ಹೇಳಿ,” ಎಂದಳು ಅಜ್ಜಿ.

ಮೂವರೂ ಒಟ್ಟಿಗೆ ಕೂಗಾಡಿದರು. ಕೆಳಗಿನ ಮನೆಯವರು ಟಿವಿ ಸದ್ದು ಕಡಿಮೆ ಮಾಡಿದ್ದು ನಮಗೆ ಕೇಳಿಸಿತು. ಮರುದಿನ ಅಮ್ಮ ಮೈದಾ ಹಿಟ್ಟಿನ ಅಂಟು ಕಾಯಿಸಿ ನನ್ನ ಮುಂದಿಟ್ಟು, ಹತ್ತೂ ಪುಟ ಅಂಟಿಸು ಎಂದಳು. ನಾನು ಅಂಟಿಸತೊಡಗಿದೆ. ನಾಲ್ಕನೆಯದೋ ಐದನೆಯದೋ ಪುಸ್ತಕಕ್ಕೆ ಬಂದಾಗ ಅಳು ತಡೆಯಲಾಗಲಿಲ್ಲ.

“ನಾನ್ ಹೀಗ್ ಕೂತಿರ್ಲಿಲ್ಲ. ನಂಗೆ ಜ್ವರ ಇತ್ತು,” ಎಂದೆ. ಅಪರೂಪಕ್ಕೆ ಕನ್ನಡದಲ್ಲೇ ಹೇಳಿದ್ದೆ.

ಅಮ್ಮ ನನ್ನ ಕೈಯಿಂದ ಪುಟ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

“ನೀನ್ ಒಂದ್ ಕಡೆ ಇದ್ದಿದ್ದೇ ಆ ಮೂರ್ ದಿನ ಕಣೆ,” ಎಂದಳು. “ನಾನೇನ್ ಮಾಡ್ಲಿ?”

ಅದು ಕ್ಷಮೆ ಕೇಳಿದ್ದಾಗಿರಲಿಲ್ಲ, ಸಮರ್ಥನೆಯೂ ಆಗಿರಲಿಲ್ಲ. ಅವಳು ನಿಜವಾಗಿಯೇ ಕೇಳುತ್ತಿದ್ದಳು. ಉಳಿದ ಪುಸ್ತಕಗಳನ್ನು ಅವಳೇ ಅಂಟಿಸಿ ಅಟ್ಟದ ಮೇಲೆ ಹಾಕಿದಳು.

ಅಲ್ಲಿಂದಾಚೆಗಿನ ವರ್ಷ ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ. ಟಿವಿಯಲ್ಲಿ ಹೊಸ ಸಹಸ್ರಮಾನ ಬಂತೆಂದು ಪಟಾಕಿ ಹಾರಿಸುತ್ತಿದ್ದರು, ಅಮ್ಮ ಯಾವುದೋ ಗೈಡ್ ಪುಸ್ತಕಕ್ಕೆ ಕಪ್ಪೆಯ ಹೃದಯ ಬರೆಯುತ್ತಿದ್ದಳು. ಬರೆದದ್ದನ್ನು ಹರಿಯುತ್ತಿದ್ದಳು, ಎದ್ದು ಟೆರೇಸಿಗೆ ಹೋಗುತ್ತಿದ್ದಳು, ಇಳಿದು ಬರುತ್ತಿದ್ದಳು. ನನಗೆ ಒಮ್ಮೆಯೂ ನಿಲ್ಲು ಎನ್ನಲಿಲ್ಲ. ನಾನು ಬೇಕೆಂದೇ ಅವಳ ಮುಂದೆ ಕುಣಿದಾಡಿದರೂ ಅವಳ ಕಣ್ಣು ನನ್ನನ್ನು ದಾಟಿ ಹೋಗುತ್ತಿತ್ತು. ಅದು ಎಲ್ಲಿಗೆ ಹೋಗುತ್ತದೆಂದು ತಿಳಿಯಲು ನನಗೆ ಕೆಲವು ತಿಂಗಳು ಬೇಕಾಯಿತು. ಅವಳು ಅಜ್ಜಿಯನ್ನು ನೋಡುತ್ತಿದ್ದಳು. ಅಜ್ಜಿ ನಾಲ್ಕೂವರೆಗೆ ಏಳುತ್ತಿದ್ದಳು. ಹಾಲಿನ ಬೂತಿನಲ್ಲಿ ಜಗಳವಾಡಿ, ರಾಗಿ ಕೇರಿ, ಡಬ್ಬ ಸೊಂಟಕ್ಕಿಟ್ಟು ಮಿಲ್ಲಿಗೆ ನಡೆದು, ಬಂದು ಮುದ್ದೆ ತೊಳಸಿ, ಮಧ್ಯಾಹ್ನ ಎಲ್ಲರೂ ಮಲಗಿದಾಗ ಬೀದಿ ಕೊನೆಯ ಬೇವಿನ ಮರದವರೆಗೆ ಹೋಗಿ ಬರುತ್ತಿದ್ದಳು. ಯಾಕೆ ಹೋಗುತ್ತೀಯ ಎಂದು ಯಾರೂ ಕೇಳಿರಲಿಲ್ಲ. ನನಗೆ ದಿನಕ್ಕೆ ಹತ್ತು ಸಲ ‘ಕುಂತ್ಕೊ’ ಎನ್ನುತ್ತಿದ್ದ ಅಜ್ಜಿ ತಾನು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ನನ್ನ ಜ್ವರದಲ್ಲಿ ಮಾತ್ರ.

ಅಮ್ಮ ಅವಳನ್ನು ನಿಲ್ಲಿಸಲಿಲ್ಲ. ಹಳೆಯ ಡೈರಿಯೊಂದನ್ನು ಹಿಡಿದು ಅವಳ ಹಿಂದೆಯೇ ಮಿಲ್ಲಿಗೆ, ಬೂತಿಗೆ, ಬೇವಿನ ಮರಕ್ಕೆ ಹೋದಳು. ನಡೆಯುತ್ತಲೇ ಗೀಚಿದಳು. ಆ ಗೆರೆಗಳು ಮೊದಲಿನ ಹಾಗೆ ಅಚ್ಚುಕಟ್ಟಾಗಿರಲಿಲ್ಲ. ಸೊಂಟದ ಡಬ್ಬ ಒಂದು ಕಡೆ, ಸೆರಗು ಒಂದು ಕಡೆ, ಕಾಲು ಹಾಳೆಯ ಹೊರಗೆ. ಡೈರಿಯ ಹಿಂದಿನ ಪುಟಗಳಲ್ಲಿ ಕನ್ನಡದಲ್ಲಿ ಒಂದು ಕಥೆಯೂ ಬೆಳೆಯಿತು: ಬೆಳಿಗ್ಗೆ ಮಿಲ್ಲಿಗೆ ಹೊರಟ ಅಜ್ಜಿಯೊಬ್ಬಳು ಮಿಲ್ಲು ದಾಟಿ ಹೋಗುತ್ತಲೇ ಇರುತ್ತಾಳೆ.

“ಇದನ್ನ ತಮಿಳಿಗೆ ಹಾಕ್ತೀಯಾ?” ಎಂದು ಅಮ್ಮ ಕೇಳಿದಳು. ನನಗೆ ಆಗ ಹತ್ತು ತುಂಬಿತ್ತು. ನಾನು ಅಡುಗೆಮನೆಯಲ್ಲಿ ತಿರುಗಾಡುತ್ತ ಒಂದೊಂದೇ ವಾಕ್ಯ ಹೇಳಿದೆ, ಅವಳು ಬರೆದುಕೊಂಡಳು. ಒಂದು ಪದಕ್ಕೆ ಜಗಳವಾದರೆ ಅರ್ಧ ದಿನ ಮಾತಿಲ್ಲ. ಅದು ಮುಗಿದ ಮೇಲೆ ಪ್ರಕಾಶಕರಿಗೆ ಕಳಿಸಿದೆವು, ಒಂದು ವರ್ಷ ಎಲ್ಲಿಂದಲೂ ಉತ್ತರ ಬರಲಿಲ್ಲ. ಕೊನೆಗೆ ಅಡ್ಯಾರಿನಲ್ಲಿ ಹೊಸದಾಗಿ ಪ್ರಕಾಶನ ಶುರು ಮಾಡಿದ್ದ ಇಬ್ಬರು ಹೆಂಗಸರು ಅದನ್ನು ಅಚ್ಚು ಹಾಕಿದರು. ಮುಖಪುಟದಲ್ಲಿ ಒಂದೇ ಹೆಸರು, ಅಮ್ಮನದು. ಆಮೇಲೆ ಅವಳು ಹನ್ನೊಂದು ಪುಸ್ತಕ ಬರೆದಳು, ಬರೆದ ಕಥೆಗಳಿಗೆಲ್ಲ ಅವಳೇ ಚಿತ್ರ ಬರೆದಳು. ಶೋಳಿಂಗನಲ್ಲೂರಿನ ದೊಡ್ಡ ಶಾಲೆಗಳಿಂದ ಅವಳಿಗೆ ಕಾರು ಬರುವ ಕಾಲವೂ ಬಂತು. ಆದರೆ ಅಜ್ಜಿಯ ಕಥೆ ಅಚ್ಚಾಗಿ ಬಂದ ದಿನದಂಥ ಸಂತೋಷವನ್ನು ನಾನು ಮತ್ತೆ ನೋಡಲಿಲ್ಲ. ಅಜ್ಜಿ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಪುಟ ನೋಡಿದಳು.

“ನನ್ ಮೂಗು ಇಷ್ಟ್ ದಪ್ಪ ಅದಾ?” ಎಂದಳು. ಆಮೇಲೆ, “ಇವ್ಳು ವಾಪಸ್ ಬರಕ್ಕಿಲ್ವಾ?”

“ಗೊತ್ತಿಲ್ಲ ಅತ್ತೆ. ಬರ್ಬೇಕಾ?”

ಅಜ್ಜಿ ಯೋಚಿಸಿದಳು. “ಬೇಡ ಬುಡು,” ಎಂದು ಪುಸ್ತಕ ಮುಚ್ಚಿ, ಸೆರಗಿನಲ್ಲಿ ಸುತ್ತಿ, ಬೂತಿನವನಿಗೆ ತೋರಿಸಲು ಇಳಿದುಹೋದಳು.

ಎಲ್ಲರೂ ನಗುತ್ತಿದ್ದರು. ಆ ಪುಸ್ತಕದ ಯಾವ ಪುಟದಲ್ಲೂ ನಾನಿರಲಿಲ್ಲ. ನನ್ನನ್ನು ಬರೆಯಬೇಡ ಎಂದು ಪುಟ ಕತ್ತರಿಸಿದವಳು ನಾನೇ, ಈಗ ಬರೆಯಲಿಲ್ಲವೆಂದು ಉರಿಯುತ್ತಿದ್ದವಳೂ ನಾನೇ. ಕೆಲವು ದಿನಗಳ ನಂತರ, ಶಾಲೆಗೆ ರಜೆಯಿದ್ದ ಒಂದು ಬೆಳಿಗ್ಗೆ, ಅಮ್ಮ ಮೇಜಿನ ಮುಂದೆ ಕೂತಿದ್ದಾಗ ನಾನು ಯಾರೂ ಹೇಳದೆ ಕಿಟಕಿಯ ಬಳಿ ಹೋಗಿ ಕೂತೆ. ಕೈ ಕಟ್ಟಿದೆ, ಕಾಲು ಮಡಚಿದೆ. ಮಂಡಿಯಲ್ಲಿ ಇರುವೆ ಹರಿದವು, ಅಲುಗಲಿಲ್ಲ. ಬೀದಿಯಲ್ಲಿ ಯಾರೋ ಕೂಗಿದರು, ತಿರುಗಲಿಲ್ಲ. ಅಮ್ಮ ತಲೆ ಎತ್ತಲಿಲ್ಲ. ಫೋನು ಬಂತು, ಎದ್ದು ಹೋಗಿ ಬಂದಳು. ಅಜ್ಜಿ ಕರೆದಳು, ಹೋಗಿ ಬಂದಳು. ನನ್ನ ಸುತ್ತಲೇ ಓಡಾಡಿದಳು, ನೋಡಲಿಲ್ಲ.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಕೊನೆಗೆ ಸಿಟ್ಟಿಗೆ ಮೇಜಿನ ಕೆಳಗಿದ್ದ ಕಟ್ಟಿನಿಂದ ಒಂದು ಹಾಳೆ ಎಳೆದು, ಅವಳ ಡಬ್ಬಿಯಿಂದಲೇ ಪೆನ್ಸಿಲ್ ತೆಗೆದು, ಅವಳನ್ನು ಬರೆಯತೊಡಗಿದೆ. ಅವಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬಲಗೈ ಬರೆದೆ, ಅಷ್ಟರಲ್ಲಿ ಅದು ಬೇರೆಡೆ ಇತ್ತು. ಮತ್ತೊಂದು ಬರೆದೆ, ಅದೂ ಸರಿಯಿತು. ನನ್ನ ಹಾಳೆಯಲ್ಲಿ ಅಮ್ಮನಿಗೆ ಮೂರು ಬಲಗೈಗಳಾದವು. ನಾನು ಯಾವುದನ್ನೂ ಅಳಿಸಲಿಲ್ಲ. ಅವಳು ಯಾವಾಗ ಬಂದು ಹಿಂದೆ ನಿಂತಳೋ ತಿಳಿಯಲಿಲ್ಲ. ಬೇರೆಯವರ ಕೆಲಸ ನೋಡುವ ಹಾಗೆ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

“ಕಿವಿ ಎಲ್ಲೇ?” ಎಂದಳು.

ಮರೆತಿದ್ದೆ. ಅವಳು ಹೋಗಿ ಸ್ಟೂಲಿನ ಮೇಲೆ ನನ್ನ ಎದುರಿಗೆ ಕೂತು, ಮುಖ ಕಿಟಕಿಯ ಕಡೆಗೆ ತಿರುಗಿಸಿ, ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ಒಳಗೆ ಕುಕ್ಕರ್ ಕೂಗಿತು. ಮತ್ತೆ ಕೂಗಿತು. ಅಮ್ಮ ಏಳಲಿಲ್ಲ.